ಗೆರೆಯಾಚೆಯ ಬೆಂಡು

"ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು."

ನಲವತ್ತು ಮಾರು. ಸಾರ್ಜೆಂಟ್ ಒಡೆಟ್ ಮೆಡೈರೊಸ್ ಹಗ್ಗದ ತುದಿಯನ್ನು ಕೈಯಲ್ಲೇ ಹಿಡಿದು 'ಸಾಂತಾ ರೀಟಾ' ದೋಣಿಯ ಹಲಗೆಯ ಮೇಲೆ ಕೂತುಬಿಟ್ಟಳು. ಅಳೆದದ್ದು ಇದು ಎರಡನೆಯ ಸಲ. ತೋಳು ಚಾಚಿ ಚಾಚಿ ಭುಜ ನೊಂದಿತ್ತು, ಹಗ್ಗ ಮಾತ್ರ ಒಂದು ಗೇಣೂ ಕಮ್ಮಿಯಾಗಲಿಲ್ಲ.

ನಿನ್ನೆ ಬೆಳಿಗ್ಗೆ ಇದೇ ದೋಣಿ ಯಂತ್ರ ಓಡುತ್ತಲೇ ಇದ್ದು, ಗಲ್ ಬಂಡೆಯ ಹತ್ತಿರ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದದ್ದು ಸಕೊನಾಕ್ ದ್ವೀಪದವರ ಕಣ್ಣಿಗೆ ಬಿದ್ದಿತ್ತು. ಪಕ್ಕದಲ್ಲಿ, ಕಾಲಿಗೆ ಈ ಹಗ್ಗ ಸುತ್ತಿಕೊಂಡು, ದೋಣಿಯ ಒಡೆಯ ಅವೆಲಿನೊ ಪಶೇಕೊನ ಹೆಣ ತೇಲುತ್ತಿತ್ತು.

ಹಗ್ಗದ ಒಂದು ತುದಿಗೆ ಲಾಬ್‌ಸ್ಟರ್ ಹಿಡಿಯುವ ತಂತಿಬೋನು. ಇನ್ನೊಂದು ತುದಿಯಲ್ಲಿ, ನೀರಿನ ಮೇಲೆ ಗುರುತಿಗೆ ಇರಬೇಕಾದ ಮರದ ಬೆಂಡು ಇರಲಿಲ್ಲ. ಯಾರೋ ಚಾಕುವಿನಿಂದ ಒಂದೇ ಏಟಿಗೆ ಕತ್ತರಿಸಿದ್ದರು.

ದ್ವೀಪದ ಸುತ್ತ ಮೂರು ಮೈಲಿಯವರೆಗೆ ಎಲ್ಲಿ ಬೋನು ಇಳಿಸಿದರೂ ಹದಿನೈದು ಮಾರು ಹಗ್ಗ ಧಾರಾಳವಾಗಿ ಸಾಕು. ನಲವತ್ತು ಮಾರು ಬೇಕೆಂದರೆ ಕಡಲು ದಿಢೀರನೆ ಆಳವಾಗುವ ಜಾಗಕ್ಕೆ, ಮೂರು ಮೈಲಿಯ ಗೆರೆಯಾಚೆಗೆ ಹೋಗಿರಬೇಕು. ಈಚೆಗಿನದು ರಾಜ್ಯದ ನೀರು. ಆಚೆಗಿನದು ಕೇಂದ್ರದ್ದು.

ಬೋನಿನೊಳಗೆ ಮೀನಿನ ತುಣುಕು ಕಟ್ಟುವ ಚೀಲದಲ್ಲಿ ಸಿಕ್ಕಿದ್ದು ನಾಲ್ಕು ಪುಟ್ಟ ಶೀಶೆ ಗಾಂಜಾ ಎಣ್ಣೆ. ಒಂದೊಂದರ ಮೇಲೂ ರಾಜ್ಯ ಸರ್ಕಾರದ ಮುದ್ರೆ, ಪರೀಕ್ಷೆಯಾಗಿದೆ ಎಂಬ ಒಕ್ಕಣೆ. ಅಕ್ಕರೆಯಿಂದ ಅಂಟಿಸಿದ ಚೀಟಿ. ಆಚೆ ದಡದ ನ್ಯೂ ಬೆಡ್‌ಫರ್ಡ್‌ನಲ್ಲಿ ಹಾಡಹಗಲೇ ಇದನ್ನು ಕೊಳ್ಳಬಹುದು. ಈಚೆ ದಡದ ದ್ವೀಪದಲ್ಲಿ ಹೆಬ್ಬಾಗಿಲಲ್ಲೇ ಕೂತು ಕುಡಿಯಬಹುದು. ನಡುವಿನ ನೀರಿನ ಮೇಲೆ ತಂದರೆ ಮಾತ್ರ ಮಾದಕ ವಸ್ತು ಸಾಗಾಣಿಕೆ. ರಾಜ್ಯ ಹೂಂ ಅನ್ನುತ್ತದೆ, ಕೇಂದ್ರ ಊಹೂಂ ಅನ್ನುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಇದಕ್ಕೇ.

ಮಧ್ಯಾಹ್ನ ಹನ್ನೆರಡರ ಹಡಗಿಗೆ ಕೇಂದ್ರದ ತನಿಖಾಧಿಕಾರಿ ಬರುತ್ತಾನೆ. ಈ ನಲವತ್ತು ಮಾರನ್ನು ಅವನು ಕಂಡರೆ ಸಾಂತಾ ರೀಟಾ ಮುಟ್ಟುಗೋಲಾಗುತ್ತದೆ. ಅವೆಲಿನೊನ ಹೆಂಡತಿಗೂ ಮಗಳಿಗೂ ಉಳಿದಿರುವುದು ಅದೊಂದೇ ದೋಣಿ.

ಹಗ್ಗ ಗಿಡ್ಡವಾಗಿದ್ದರೆ ಔಷಧಿ, ಉದ್ದವಾಗಿದ್ದರೆ ಅಪರಾಧ. ಒಡೆಟ್‌ಗೆ ಅಳು ಬಂತು. ಅಳಲಿಲ್ಲ, ಸಮವಸ್ತ್ರದಲ್ಲಿದ್ದಳು.

"ಏನು ಸಾರ್ಜೆಂಟ್, ಬೆಳ್‌ಬೆಳಿಗ್ಗೆ ಹಗ್ಗದ ಜೊತೆ ಕುಸ್ತಿ?"

ಕಟ್ಟೆಯ ಮೇಲೆ ವಿನ್ಸ್ಲೋ ಕ್ರೋವೆಲ್ ನಿಂತಿದ್ದ. ದ್ವೀಪದ ಏಕೈಕ ಗಾಂಜಾ ಅಂಗಡಿಯ ಮಾಲೀಕ. ಅಂಗಡಿ ಅಂತ ಹೆಸರು ಅಷ್ಟೇ, ಜನವರಿಯಿಂದ ಕಪಾಟುಗಳೆಲ್ಲ ಬೋಳು. ತಾನೇ ಬೆಳೆದದ್ದನ್ನು ಮಾರಬೇಕೆಂದರೂ ಮೊದಲು ಪ್ರಯೋಗಾಲಯದ ಪರೀಕ್ಷೆ ಆಗಬೇಕು ಅನ್ನುತ್ತದೆ ರಾಜ್ಯ. ಪ್ರಯೋಗಾಲಯ ಇರುವುದು ಆಚೆ ದಡದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ವಿನ್ಸ್ಲೋ, ನಿನ್ನೆ ಬೆಳಗ್ಗೆ ಐದೂಕಾಲಿಗೆ ಕೇಂದ್ರದ ಕಾವಲು ದೋಣಿ ನೆಟ್ಟಗೆ ಗೆರೆ ಕಡೆಗೆ ಹೋಗಿದೆ. ಐದು ವರ್ಷದಲ್ಲಿ ಒಂದಿನಾನೂ ಅಷ್ಟೊತ್ತಿಗೆ ಆ ಕಡೆ ಹೋದದ್ದಿಲ್ಲ. ಯಾರೋ ಹೇಳಿದಾರೆ."

"ನಾನಲ್ಲಪ್ಪ!"

"ನೀನು ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇವನದು ಎಂದು ಒಡೆಟ್‌ಗೆ ಮೊದಲಿನಿಂದಲೂ ಅನುಮಾನ. ಕಪಾಟು ಖಾಲಿ ಇರುವ ಅಂಗಡಿಯವನಿಗೆ, ಬಿಡಿಗಾಸು ಮುಟ್ಟದೆ ಔಷಧಿ ತಂದುಕೊಡುವವನ ಮೇಲೆ ಪ್ರೀತಿ ಇರುವುದು ಹೇಗೆ?

"ಅವೆಲಿನೊ ಪುಕ್ಕಟೆ ತಂದುಕೊಡ್ತಿದ್ದ. ನಿನ್ನ ಗಿರಾಕಿಗಳೆಲ್ಲ ಅವನ ಕಡೆ ಹೋದ್ರು. ಹೊಟ್ಟೆ ಉರೀಲಿಲ್ವಾ?"

ವಿನ್ಸ್ಲೋ ಟೋಪಿ ತೆಗೆದ. ಬೋಳುತಲೆ ಬಿಸಿಲಿಗೆ ಕೆಂಪಾಗಿತ್ತು.

"ನಮ್ಮಪ್ಪ ಮಾರ್ಚಲ್ಲಿ ಹೋದ್ನಲ್ಲ, ಒಡೆಟ್. ಕೊನೇ ಎರಡು ವಾರ ಸ್ವಲ್ಪ ನಿದ್ದೆ ಮಾಡ್ದ. ಆ ನಿದ್ದೆ ಅವೆಲಿನೊ ತಂದುಕೊಟ್ಟಿದ್ದು. ಅಂಗಡಿ ಇಟ್ಟ ಮಗ ಕೈಕಟ್ಕೊಂಡು ಕೂತಿದ್ದೆ. ನಾನು ಅವನ ಮೇಲೆ ಚಾಡಿ ಹೇಳ್ತೀನಾ?"

ಅನುಮಾನ ಪಡುವುದು ಒಡೆಟ್‌ಳ ಕೆಲಸ, ಆದರೆ ಈ ಕೆಲಸ ಮಾಡಲು ಇಂಥ ಬೆಳಗುಗಳಲ್ಲಿ ನಾಚಿಕೆಯಾಗುತ್ತದೆ.

ಹಗ್ಗದ ಕತ್ತರಿಸಿದ ತುದಿಯನ್ನು ಅವಳು ಮತ್ತೆ ತಿರುಗಿಸಿ ನೋಡಿದಳು. ರಾತ್ರಿಯಿಡೀ ಕೊರೆದದ್ದು ಇದೇ. ಕಾಲು ಹಗ್ಗಕ್ಕೆ ಸಿಕ್ಕಿಕೊಂಡರೆ ಮೀನುಗಾರ ಕಾಲಿನ ಹತ್ತಿರ ಕತ್ತರಿಸುತ್ತಾನೆ. ಅದನ್ನು ಹೇಳಿಕೊಡುವುದೇ ಬೇಡ. ನಲವತ್ತು ವರ್ಷ ಕಡಲಲ್ಲಿ ಕಳೆದ ಅವೆಲಿನೊನ ಮುಷ್ಟಿಯಲ್ಲಿ ಸಾಯುವಾಗಲೂ ಚಾಕು ಇತ್ತು. ಹಾಗಿದ್ದೂ ಹಗ್ಗ ತುಂಡಾದದ್ದು ಕಾಲಿನ ಹತ್ತಿರ ಅಲ್ಲ, ಬೆಂಡಿನ ಹತ್ತಿರ.

*

ಅವೆಲಿನೊನ ಹೆಂಡತಿ ಫಿಲೊಮೆನಾ ಪಶೇಕೊ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದಳು. ಒಲೆಯ ಮೇಲೆ ಸೊಪ್ಪಿನ ಸಾರು ಕುದಿಯುತ್ತಿತ್ತು. ಮೇಜಿನ ತುಂಬ ನೆರೆಹೊರೆಯವರು ತಂದಿಟ್ಟ ಸಿಹಿ ಬ್ರೆಡ್ಡು, ಒಂದನ್ನೂ ಮುರಿದಿರಲಿಲ್ಲ. ಮೈಮೇಲೆ ಕರಿ ಬಟ್ಟೆ. ಅದು ಅವಳಮ್ಮ ವಿಧವೆಯಾದಾಗ ಹೊಲಿಸಿದ್ದಿರಬೇಕು, ತೋಳು ಗಿಡ್ಡವಾಗಿತ್ತು.

"ಬಾ ಕೊಮಾದ್ರೆ," ಅಂದಳು. ಒಡೆಟ್‌ಳ ಮಗುವಿಗೆ ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ನಿಂತವಳು ಫಿಲೊಮೆನಾ. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. "ಕೂತ್ಕೊ. ಪೊಲೀಸಾಗಿ ಬಂದಿದ್ರೆ ನಿಂತ್ಕೊ."

ಒಡೆಟ್ ನಿಂತೇ ಇದ್ದಳು.

"ಹನ್ನೆರಡಕ್ಕೆ ಅವನ ಪೆಟ್ಟಿಗೆ ಹಡಗಿಗೆ ಏರಿಸ್ತಾರೆ, ಮೆನಾ. ಆಚೆ ದಡದಲ್ಲಿ ಶವಪರೀಕ್ಷೆ."

"ಗೊತ್ತು. ಹೋಗ್ಲಿ. ಆ ನೀರು ದಾಟೋಕೆ ಹೆಣಕ್ಕಾದ್ರೆ ಯಾರ ಅಪ್ಪಣೇನೂ ಬೇಡ್ವಲ್ಲ." ಚಾಕು ಟಕಟಕ ಅಂತ ನಡೆದೇ ಇತ್ತು. "ಯಾರು ಹೇಳಿದ್ದು ಅಂತ ಗೊತ್ತಾಯ್ತಾ?"

"ಇನ್ನೂ ಇಲ್ಲ."

"ಹುಡುಕು. ನಂಗೆ ದೋಣಿ ಹೋದ್ರೂ ಚಿಂತೆ ಇಲ್ಲ. ಅವನು ಎಂದಿನ ಹಾಗೆ ಬೋನು ಎತ್ಕೊಂಡು ಏಳು ಗಂಟೆಗೆ ಕಾಫಿಗೆ ಬರ್ತಿದ್ದ. ಆ ಕಾವಲು ದೋಣಿ ದೀಪ ನೋಡಿ ಗಾಬರಿ ಬಿದ್ದ. ಆ ದೋಣೀನ ಕರೆಸಿದ ಬಾಯಿ ಯಾವುದೋ, ಅದಕ್ಕೆ ನನ್ನ ಕೊನೇ ಉಸಿರಿರೋವರೆಗೂ ಕ್ಷಮೆ ಇಲ್ಲ. ಚರ್ಚಿನ ಮೆಟ್ಟಿಲ ಮೇಲೆ ಬಿದ್ದು ಬೇಡಿದ್ರೂ ಇಲ್ಲ."

"ಮೆನಾ, ಆ ಬೋನಿನ ಬೆಂಡು ಎಲ್ಲಿ?"

ಚಾಕು ನಿಂತಿತು.

"ಅವನ ಬೆಂಡುಗಳು ಹಳದಿ. ಎಲ್ಲಾನೂ ನೋಡ್ದೆ, ಒಂದೂ ಕಮ್ಮಿ ಇಲ್ಲ," ಒಡೆಟ್ ಬಿಡಲಿಲ್ಲ. "ಈ ಬೋನಿಗೆ ಕಟ್ಟಿದ್ದು ಬೇರೆ ಯಾರದ್ದೋ. ಅದನ್ನ ಅವನು ಕತ್ತರಿಸಿ ಎಸೆದಿದಾನೆ. ಕಾಲು ಬಿಡಿಸ್ಕೊಳ್ಳೋದು ಬಿಟ್ಟು ಬೆಂಡು ಕತ್ತರಿಸಿದಾನೆ. ಯಾಕೆ? ಯಾರದ್ದು ಅದು?"

ಹೇಳಬಾರದೆಂದು ನಿನ್ನೆಯಿಂದ ಫಿಲೊಮೆನಾ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಅದು.

"ನೀಲಿ," ಅಂದಳು. "ಬಿಳೀ ಪಟ್ಟೆ."

ಒಡೆಟ್ ಈಗ ಕೂತಳು.

ನೀಲಿಯ ಮೇಲೆ ಬಿಳೀ ಪಟ್ಟೆ ಅವಳ ಗಂಡ ಅರ್ಮಾಂಡೊನ ಬಣ್ಣ. ಆರು ವರ್ಷದ ಹಿಂದೆ ಅದೇ ನೀರು ಅವನನ್ನು ನುಂಗಿತ್ತು. ಸಕೊನಾಕ್‌ನಲ್ಲಿ ಪ್ರತಿ ಮೀನುಗಾರನಿಗೂ ಅವನದೇ ಬಣ್ಣ, ಇನ್ನೊಬ್ಬನ ಬೋನು ಎತ್ತುವುದು ಇನ್ನೊಬ್ಬನ ಹೆಂಡತಿಯ ಕೈ ಹಿಡಿದ ಹಾಗೆ. ಸತ್ತವನ ಬಣ್ಣವನ್ನಂತೂ ಯಾರೂ ಮುಟ್ಟುವುದಿಲ್ಲ. ಅವನ ಬೆಂಡುಗಳನ್ನು ಕೊಟ್ಟಿಗೆಯ ಗೋಡೆಗೆ ನೇತುಹಾಕಿ ಹಾಗೇ ಬಿಡುತ್ತಾರೆ.

"ಅದಕ್ಕೇ ಆ ಬೆಂಡು ತಗೊಂಡ," ಫಿಲೊಮೆನಾ ಹೇಳಿದಳು. "ಆಚೆ ದಡದ ಗೆಳೆಯ ಶೀಶೆ ಬೋನಲ್ಲಿಟ್ಟು ಗೆರೆಯಾಚೆ ಮುಳುಗಿಸಿ ಹೋಗ್ತಿದ್ದ, ಇವನು ಎತ್ಕೊಂಡು ಬರ್ತಿದ್ದ. ಸತ್ತವನ ಬಣ್ಣ ಕಂಡ್ರೆ ನಮ್ಮವರು ಶಿಲುಬೆ ಗುರುತು ಹಾಕ್ಕೊಂಡು ದೋಣಿ ತಿರುಗಿಸ್ತಾರೆ, ಯಾರೂ ಮುಟ್ಟಲ್ಲ ಮೆನಾ ಅಂದ. ಅರ್ಮಾಂಡೊ ಕಾವಲಿರ್ತಾನೆ ಅಂದ, ನಗ್ತಾ."

"ನಂಬರು?"

"ಹ್ಞಾಂ?"

"ಬೆಂಡಿನ ಅಡಿಗೆ ಸುಟ್ಟು ಬರೆದಿರೋ ಪರವಾನಗಿ ನಂಬರು, ಮೆನಾ. ಕೇಂದ್ರದವರಿಗೆ ಬಣ್ಣ ಗೊತ್ತಾಗಲ್ಲ, ಶಿಲುಬೆ ಗುರುತೂ ಹಾಕ್ಕೊಳ್ಳಲ್ಲ. ನಂಬರು ನೋಡ್ತಾರೆ."

ಹುಟ್ಟಿದಾಗಿನಿಂದ ಬಣ್ಣ ನೋಡಿಯೇ ಬದುಕಿದ ಜನ. ನಂಬರು ಇರುವುದು ಯಾರ ನೆನಪಿಗೆ ಬರಬೇಕು? ಅವೆಲಿನೊನ ನೆನಪಿಗೆ ಬಂದದ್ದು ಮಂಜಿನೊಳಗೆ ಕಾವಲು ದೋಣಿಯ ದೀಪ ಕಂಡಾಗ. ಬೆಂಡು ಸಿಕ್ಕರೆ ಅರ್ಮಾಂಡೊನ ಹೆಸರು, ಆ ಹೆಸರಿನಿಂದ ಅವನ ಹೆಂಡತಿ ಒಡೆಟ್‌ಳ ಕೆಲಸಕ್ಕೇ ಸಂಚಕಾರ. ಮೊದಲು ಬೆಂಡು ಕತ್ತರಿಸಿ ದೂರಕ್ಕೆ ಎಸೆದ. ಆಮೇಲೆ ಬೋನನ್ನು ನೀರಿಗೆ ನೂಕಿದ. ಅದು ಆಳಕ್ಕೆ ಹೋಗುವ ರಭಸಕ್ಕೆ ಹಗ್ಗದ ಸುರುಳಿ ಅವನ ಕಾಲನ್ನೂ ಎಳೆದುಕೊಂಡಿತು, ಚಾಕು ಅಲ್ಲಿಗೆ ತಲುಪುವಷ್ಟರಲ್ಲಿ ಅವನು ನೀರಿನಲ್ಲಿದ್ದ. ತುಂಡಾದ ತುದಿ ದೋಣಿಯ ರಾಟೆಗೆ ಸಿಕ್ಕಿ ನಿಂತಿತು. ದೋಣಿ ಅವನನ್ನು ಎಳೆದುಕೊಂಡು ಸುತ್ತಿತು, ಉಬ್ಬರ ಅದನ್ನು ಗೆರೆಯ ಈಚೆಗೆ ತಂದು ಬಿಟ್ಟಿತು.

ಇದನ್ನೆಲ್ಲ ಒಡೆಟ್ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮೀನುಗಾರನ ಹೆಂಡತಿಗೆ ಹಗ್ಗದ ಭಾಷೆ ಗೊತ್ತು.

"ಅಂದ್ರೆ ಇದ್ದದ್ದು ಒಂದೇ ಕತ್ತರಿಸೋ ಹೊತ್ತು," ಫಿಲೊಮೆನಾ ಮೆಲ್ಲಗೆ ಅಂದಳು. "ಅದನ್ನ ನಿಮ್ಮನೆಗೆ ಕೊಟ್ಟ."

"ಯಾರಿಗೆ ತರ್ತಿದ್ದ, ಮೆನಾ? ಈ ನಾಲ್ಕು ಶೀಶೆ?"

"ನಿಜವಾಗ್ಲೂ ಗೊತ್ತಿಲ್ವಾ? ಬೆಂಡು ಯಾರು ಕೊಟ್ಟಿರ್ಬೇಕು ಅಂತ ಅಂದ್ಕೊಂಡೆ? ನಿಮ್ಮತ್ತೆ ಕಣೇ. ಲುಡೊವಿನಮ್ಮ. ಮೊದ್ಲು ನಿನ್ನನ್ನೇ ಕೇಳಿದ್ರಂತೆ. ಸಮವಸ್ತ್ರ ಹಾಕಿದೀನಿ, ಆಗಲ್ಲ ಅಂದ್ಯಂತೆ."

ಅಂದಿದ್ದಳು. ಒಂದು ತಿಂಗಳ ಹಿಂದೆ. ಎಲುಬಿಗೆ ಹತ್ತಿದ ಕ್ಯಾನ್ಸರು, ಆಸ್ಪತ್ರೆಯ ಮಾತ್ರೆ ನುಂಗಿದರೆ ವಾಂತಿ. ಎಂಬತ್ತನಾಲ್ಕು ವರ್ಷದ ಅತ್ತೆ ಬಾಯಿಬಿಟ್ಟು ಕೇಳಿದ್ದೇ ಅದೊಂದು ಸಲ. 'ಅತ್ತೆ, ಎರಡೂ ಕಾನೂನಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದವಳು ನಾನು' ಎಂದು ಒಡೆಟ್ ಹೇಳಿದ್ದಳು. ಅತ್ತೆ ತಲೆಯಾಡಿಸಿದ್ದಳು, ಅರ್ಥವಾಯಿತು ಅನ್ನುವ ಹಾಗೆ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರೆ, ಆದರೆ ಕೊನೆಗೆ ದರಿಗೆ ಬಿದ್ದದ್ದು ಒಡೆಟ್ ಅಲ್ಲ, ಅವೆಲಿನೊ.

"ಗೆರೆಯ ಈಚೆ ಅಂತ ಬರಿ, ಕೊಮಾದ್ರೆ," ಫಿಲೊಮೆನಾ ಸಾರು ತಿರುವುತ್ತ ಹೇಳಿದಳು. ಬೆನ್ನು ಇತ್ತ ಮಾಡಿದ್ದಳು. "ನಂಗೋಸ್ಕರ ಅಲ್ಲ. ಇಲ್ಡಾ ಆ ದೋಣೀಲಿ ಹನ್ನೊಂದು ವರ್ಷದಿಂದ ಅಪ್ಪನ ಜೊತೆ ಬೆನ್ನು ಬಗ್ಗಿಸಿದಾಳೆ. ಅಪ್ಪನ್ನ ಕಳ್ಕೊಂಡ ಹುಡುಗೀಗೆ ದೋಣೀನಾದ್ರೂ ಉಳೀಲಿ."

*

ಒಡೆಟ್‌ಳ ಮನೆಯ ಕೊಟ್ಟಿಗೆಯ ಗೋಡೆಗೆ ಹನ್ನೆರಡು ಮೊಳೆ, ಹನ್ನೊಂದು ನೀಲಿ ಬೆಂಡು. ಹನ್ನೆರಡನೆಯ ಮೊಳೆಯ ಕೆಳಗೆ ಧೂಳಿನಲ್ಲಿ ಊರುಗೋಲಿನ ಗುಂಡನೆಯ ಗುರುತುಗಳಿದ್ದವು. ನಡೆಯಲಾರದ ಅತ್ತೆ ಇಲ್ಲಿಯವರೆಗೆ ಬಂದು ಮಗನ ಬೆಂಡನ್ನು ತಾನೇ ಇಳಿಸಿಕೊಟ್ಟಿದ್ದಳು.

"ಒಡೆಟ್? ನೀನೇನಾ?" ಮಲಗುವ ಕೋಣೆಯ ಕಿಟಕಿಯಿಂದ ಲುಡೊವಿನಾಳ ದನಿ.

"ನಾನೇ ಅತ್ತೆ."

"ಅವೆಲಿನೊ ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ." ಒಂದು ಉಸಿರು, ನೋವು ನುಂಗಿದ್ದು. "ನನ್ನ ಮೇಲೆ ಸಿಟ್ಟೇನೋ ಅವನಿಗೆ."

ಸತ್ತ ಸುದ್ದಿಯನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಸಾಯುತ್ತಿರುವವಳಿಗೆ ಯಾಕೆ ಎಂದು ಸುಮ್ಮನಿದ್ದರು.

"ನಿಮ್ಮ ಮೇಲೆ ಯಾರಿಗೆ ಸಿಟ್ಟು ಬರುತ್ತೆ ಅತ್ತೆ. ಕೆಲಸ ಇರುತ್ತೆ. ಮಲಗಿ."

"ಸಿಟ್ಟಿದ್ರೆ ಇರಲಿ. ಕ್ಷೇಮವಾಗಿದ್ರೆ ಸಾಕು."

ಒಡೆಟ್ ಜೀಪಿನಿಂದ ಹಗ್ಗ ತಂದಳು. ಬೋನಿನ ತುದಿಯಿಂದ ಹದಿನೈದು ಮಾರು ಅಳೆದಳು. ನಾಲ್ಕು ಶೀಶೆಯನ್ನು ನೀರು ದಾಟಿಸಲಾರೆ ಅಂದ ಕೈ, ಗಂಡನ ಹಳೆಯ ಚಾಕು ಹಿಡಿದು ಒಂದೇ ಏಟಿಗೆ ಕತ್ತರಿಸಿತು. ಮಿಕ್ಕ ಇಪ್ಪತ್ತೈದು ಮಾರನ್ನು ಸುರುಳಿ ಸುತ್ತಿ ಹನ್ನೆರಡನೆಯ ಮೊಳೆಗೆ ನೇತುಹಾಕಿದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇದು ಮೊದಲ ಸುಳ್ಳು. ಒಂದು ತಿಂಗಳು ಮೊದಲೇ ಒಂದು ಚಿಕ್ಕ ತಪ್ಪು ಮಾಡಿದ್ದರೆ ಈ ದೊಡ್ಡದು ಬೇಕಾಗುತ್ತಿರಲಿಲ್ಲ ಅನ್ನಿಸಿತು.

*

ಕೇಂದ್ರದ ಅಧಿಕಾರಿ ಡ್ವೈಟ್ ಟಿಲ್ಮನ್ ರಾಕ್ಷಸನೇನೂ ಆಗಿರಲಿಲ್ಲ. ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಿಳಿಚಿಕೊಂಡಿದ್ದ, ಐವತ್ತರ ಸುಮಾರಿನ, ಬಳಲಿದ ಮನುಷ್ಯ. ಎದುರಿಗೆ ಅವೆಲಿನೊನ ಪೆಟ್ಟಿಗೆಯನ್ನು ಹಡಗಿಗೆ ಏರಿಸುತ್ತಿದ್ದಾಗ ಟೋಪಿ ತೆಗೆದು ನಿಂತ. ಆಮೇಲೆ ಕಟ್ಟೆಯ ಕಚೇರಿಯೊಳಗೆ ಬಂದು ಮೇಜಿನ ಮೇಲೆ ಹಗ್ಗ, ಬೋನು, ಶೀಶೆಗಳನ್ನು ನೋಡಿದ.

"ಹಗ್ಗ ಎಷ್ಟುದ್ದ, ಸಾರ್ಜೆಂಟ್?"

"ಹದಿನೈದು ಮಾರು."

"ನೀವೇ ಅಳೆದಿರಾ?"

"ನಾನೇ."

"ಹಾಗಾದ್ರೆ ರಾಜ್ಯದ ನೀರು. ನಮಗೆ ಕೆಲಸ ಇಲ್ಲ." ಅವನಿಗೂ ಅದೇ ಬೇಕಾಗಿತ್ತೇನೋ ಅನ್ನಿಸುವ ದನಿ. "ರುಜು ಮಾಡಿ."

ಒಡೆಟ್ ರುಜು ಮಾಡಿದಳು. ಆಗ ಫಿಲೊಮೆನಾ ಬಾಗಿಲಲ್ಲಿ ಬಂದು ನಿಂತಳು. ಗಂಡನನ್ನು ಕಳಿಸಿ ಬಂದವಳ ಕೈಯಲ್ಲಿ ಮುಚ್ಚಳದ ಸಾರಿನ ಪಾತ್ರೆ. ದಿನಾ ಮಧ್ಯಾಹ್ನ ಲುಡೊವಿನಮ್ಮನಿಗೆ ಕುಡಿಸಿ, ಸಂಜೆಯವರೆಗೆ ಜಪಮಾಲೆ ಎಣಿಸುತ್ತ ಪಕ್ಕದಲ್ಲಿ ಕೂರುವುದು ಅವಳ ಅಭ್ಯಾಸ. ಇವತ್ತೂ ತಪ್ಪಿಸುವವಳಲ್ಲ.

ಟಿಲ್ಮನ್ ಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಹಗ್ಗದ ಪಕ್ಕ ಇಟ್ಟ. ನೀಲಿ ಬೆಂಡು. ಬಿಳೀ ಪಟ್ಟೆ.

"ಗೆರೆಯಾಚೆ ತೇಲ್ತಿತ್ತು, ನಮ್ಮ ದೋಣಿಯವರಿಗೆ ಸಿಕ್ತು. ನಂಬರು ಅರ್ಮಾಂಡೊ ಮೆಡೈರೊಸ್ ಅನ್ನೋರದ್ದು. ನಿಮಗೇನಾಗ್ಬೇಕು?"

"ನನ್ನ ಗಂಡ. ಸತ್ತು ಆರು ವರ್ಷ ಆಯ್ತು."

"ಕ್ಷಮಿಸಿ." ಅವನು ಮನಸ್ಸಿನಿಂದಲೇ ಅಂದ. "ಇನ್ನೊಂದು ವಿಷಯ. ಮೊನ್ನೆ ಸಂಜೆ ನಮ್ಮ ಸುಳಿವಿನ ಲೈನಿಗೆ ಒಂದು ಕರೆ ಬಂತು. ಅಲ್ಲಿ ನಂಬರು ದಾಖಲಾಗಲ್ಲ, ದನಿ ಮಾತ್ರ. ಈ ದ್ವೀಪದವರದ್ದೇ ಇರಬೇಕು. ಕೇಳಿ."

ಅವನು ಫೋನಿನ ಗುಂಡಿ ಒತ್ತಿದ.

ಮೊದಲು ಬರೀ ಉಸಿರು. ಆಮೇಲೆ ಹೆಂಗಸಿನ ದನಿ, ಮುದಿ, ಮುರುಕು ಇಂಗ್ಲಿಷು, ನಡುನಡುವೆ ನೋವಿಗೆ ನಿಲ್ಲುವ ಮಾತು.

"ಸಾಂತಾ ರೀಟಾ. ದೋಣಿ ಹೆಸರು ಸಾಂತಾ ರೀಟಾ. ನಾಳೆ ಬೆಳಗ್ಗೆ ಹೋಗ್ತಾನೆ, ಗೆರೆಯಾಚೆ, ನಲವತ್ತು ಮಾರು ನೀರಿಗೆ. ಮಂಜು ಬರುತ್ತೆ, ಬೇಡ ಅಂದೆ, ಕೇಳಲ್ಲ. ಅವನನ್ನ ತಡೀರಿ. ಜೈಲಿಗೆ ಹಾಕ್ಬೇಡಿ, ಒಳ್ಳೇ ಮನುಷ್ಯ, ಗದರಿಸಿ ವಾಪಸ್ ಕಳ್ಸಿ, ಅಷ್ಟೇ. ನನ್ನ ನೋವು ನಾನು ನುಂಗ್ಕೋತೀನಿ. ಆ ನೀರು ನನ್ನ ಮಗನ್ನ ತಗೊಂಡಿದೆ, ಸ್ವಾಮಿ. ಇವನನ್ನೂ ತಗೋಬ..."

ಅಲ್ಲಿಗೆ ಕೆಮ್ಮು. ಅಲ್ಲಿಗೆ ಮುಗಿಯಿತು.

ಸಿಟ್ಟೇನೋ ಅವನಿಗೆ, ಎಂದು ಕೇಳಿದ್ದಳು ಅತ್ತೆ. ಒಡೆಟ್‌ಗೆ ಈಗ ಅರ್ಥವಾಯಿತು. ಅವನನ್ನು ಉಳಿಸಲು ಮಾಡಿದ ಕರೆಯೇ ಅವನನ್ನು ಕೊಂದಿತ್ತು, ಅದು ಗೊತ್ತಿಲ್ಲದೆ ಮುದುಕಿ ಕಿಟಕಿಯಲ್ಲಿ ಅವನ ದಾರಿ ಕಾಯುತ್ತಿದ್ದಳು.

ಮೇಜಿನ ಮೇಲೆ ಹದಿನೈದು ಮಾರಿನ ಹಗ್ಗ. ಅದರ ಪಕ್ಕದ ವರದಿಯ ಮೇಲೆ ಅವಳ ರುಜು, ಶಾಯಿ ಇನ್ನೂ ಒಣಗಿರಲಿಲ್ಲ.

ಟಿಲ್ಮನ್ ಹಗ್ಗವನ್ನು ನೋಡಿದ. ಅವಳನ್ನು ನೋಡಿದ. ದನಿಯೇರಿಸಲಿಲ್ಲ.

"ನಲವತ್ತು ಅಂತಾಳೆ ಈಕೆ. ಇವಳು ಯಾರು ಅಂತ ಗೊತ್ತಾದ್ರೆ ನಾನೇ ಹೋಗಿ ಕೇಳ್ತೀನಿ. ನಿಮಗೆ ಗೊತ್ತಾ, ಸಾರ್ಜೆಂಟ್?"

ಒಡೆಟ್ ಬಾಗಿಲ ಕಡೆ ನೋಡಿದಳು.

ಬಾಗಿಲಲ್ಲಿ ಫಿಲೊಮೆನಾ ಸಾರಿನ ಪಾತ್ರೆಯನ್ನು ನಿಧಾನವಾಗಿ, ಒಂದು ಹನಿಯೂ ಚೆಲ್ಲದ ಹಾಗೆ, ನೆಲದ ಮೇಲಿಟ್ಟಳು.

"ಅವಳನ್ಯಾಕೆ ಕೇಳ್ತೀರಿ?" ಅಂದಳು. "ಆ ದನಿ ಯಾರದ್ದು ಅಂತ ನಂಗೊತ್ತು."